ಮೊದಲು ಒಂದು ಹಳೇ ಸೈಕಲ್ ಕೊಳ್ಳಿ

(ಪುಣೆಯ ಕೋಥರೂಡಿನಲ್ಲಿ ನಡೆದ ಕನ್ನಡಿಗರ ಭಾನುವಾರದ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ)

ಇಲ್ಲಿ ಕೂತಿರುವವರಲ್ಲಿ ಎಷ್ಟು ಜನ ಸೈಕಲ್ ಮೇಲೆ ನಮ್ಮ ಸಿಂಹಗಡದ ಕೋಟೆಬೆಟ್ಟ ಹತ್ತಿದ್ದೀರಿ? ಕೈ ಎತ್ತಿ, ನೋಡೋಣ. ಹತ್ತು, ಹನ್ನೊಂದು, ಹಿಂದೆ ಇನ್ನೊಬ್ಬರು. ಸರಿ. ಈಗ ಇನ್ನೊಂದು ಪ್ರಶ್ನೆ. ಕೆಲಸಕ್ಕೋ ಓದುವುದಕ್ಕೋ ಹೊರದೇಶಕ್ಕೆ ಹೊರಟವರು, ಇಲ್ಲವೇ ಮಕ್ಕಳನ್ನು ಕಳಿಸುತ್ತಿರುವವರು ಎಷ್ಟು ಜನ? ನೋಡಿ, ಅರ್ಧ ಸಭೆ ಕೈ ಎತ್ತಿತು. ಎರಡು ಸಲವೂ ಕೈ ಎತ್ತಿದವರು ಐದಾರು ಜನ ಇದ್ದೀರಿ. ಇವತ್ತಿನ ಮಾತು ಮುಖ್ಯವಾಗಿ ನಿಮಗೆ.

ನಾನು ಧಾರವಾಡದವಳು. ಪುಣೆಗೆ ಬಂದು ಹದಿನಾರು ವರ್ಷವಾಯಿತು. ಭಾನುವಾರ ಬೆಳಿಗ್ಗೆ ಐದಕ್ಕೆ ಮನೆ ಬಿಡುವುದು, ಖಡಕ್‌ವಾಸಲಾ ಅಣೆಕಟ್ಟಿನ ನೀರಿನ ಪಕ್ಕ ಬೆಳಕು ಹರಿಯುವುದನ್ನು ನೋಡುವುದು, ಗಡ ಹತ್ತುವುದು, ಮೇಲೆ ಪಿಠ್ಲ-ಭಾಕರಿ ತಿಂದು, ಪುಟ್ಟ ಮಡಕೆಯ ಮೊಸರು ತಿಂದು ಇಳಿಯುವುದು. ಇದು ನನ್ನ ವಾರದ ನಿಯಮ. 200 ಕಿಲೋಮೀಟರಿನ ಬ್ರೆವೆಗಳನ್ನೂ, ಅಂದರೆ ಗೊತ್ತುಮಾಡಿದ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿಗಳನ್ನೂ, ಮುಗಿಸಿದ್ದೆ. 2022ರ ನವೆಂಬರಿನಲ್ಲಿ ಕಂಪನಿಯವರು ಮೂರು ವರ್ಷಕ್ಕೆ ನೆದರ್ಲೆಂಡ್ಸ್‌ಗೆ ಕಳಿಸಿದರು. ಇರಲು ಸಿಕ್ಕಿದ ಊರು ಉಟ್ರೆಕ್ಟ್. ಸೈಕಲ್ ಪ್ರೀತಿಸುವವರಿಗೆ ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡು ವಿಮಾನ ಹತ್ತಿದೆ.

ನಾನು ಅಲ್ಲಿ ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೈಕಲ್ಲಿನ ಹುಚ್ಚಿರುವವರು ಹೊಸ ಊರಿಗೆ ಹೋದಾಗ ಆ ಹುಚ್ಚನ್ನು ಕೆಲವು ತಿಂಗಳು ಪಕ್ಕಕ್ಕಿಡಬೇಕು. ಕೊತ್ತಂಬರಿ ತರಲು ಹೋಗುವವರ ಹಾಗೆ ಸೈಕಲ್ ಹೊಡೆಯಬೇಕು. ಸ್ಪೀಡು, ಕಿಲೋಮೀಟರು, ಏರು, ಇವೆಲ್ಲ ಆಮೇಲೆ ತಾವಾಗಿ ಬರುತ್ತವೆ. ಮೊದಲು ಆ ಊರಿನ ದಾರಿಯಲ್ಲಿ ಬೇರೆಯವರಿಗೆ ತೊಂದರೆಯಾಗದಂತೆ, ನಮಗೂ ಭಯವಾಗದಂತೆ ಓಡಾಡುವುದು ಬರಬೇಕು.

ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ, ಇಲ್ಲಿನ ಒಳ್ಳೆಯ ಸೈಕಲ್ ತೆಗೆದುಕೊಂಡು ಹೋಗಬೇಕಾ ಅಂತ. ನನ್ನ ಉತ್ತರ, ಮೊದಲ ಸಲ ಬೇಡ. ನಿಮಗೆ ಮನೆಯೇ ಸಿಕ್ಕಿರುವುದಿಲ್ಲ. ಸಿಕ್ಕಿದ ಮನೆಗೆ ಮೂರು ಮಹಡಿ ಕಡಿದಾದ ಮರದ ಮೆಟ್ಟಿಲು ಇರಬಹುದು. ಆ ಮೆಟ್ಟಿಲು ಎಷ್ಟು ಇಕ್ಕಟ್ಟು ಅಂದರೆ ಅಲ್ಲಿನವರು ಸೋಫಾ, ಕಪಾಟುಗಳನ್ನು ಹೊರಗಿನಿಂದ ಹಗ್ಗ ಕಟ್ಟಿ ಕಿಟಕಿಯಿಂದ ಒಳಗೆ ಎಳೆದುಕೊಳ್ಳುತ್ತಾರೆ. ನಾನು ನನ್ನ ರೋಡ್ ಬೈಕನ್ನು ತಮ್ಮನ ಮನೆಯಲ್ಲಿ ಬಿಟ್ಟು ಹೋದೆ. ಎರಡನೇ ವರ್ಷ ಬಂದಾಗ ಡಬ್ಬಿಗೆ ಹಾಕಿ ಒಯ್ದೆ. ಒಯ್ಯುವವರಿಗೆ ಒಂದು ಮಾತು. ಪೆಡಲ್ ಬಿಚ್ಚುವಾಗ ಎಡಗಡೆಯದರ ಮರೆ, ಅಂದರೆ ತಿರುಪಿನ ಸುತ್ತು, ಉಲ್ಟಾ ಇರುತ್ತದೆ. ಬಲಗಡೆಯದನ್ನು ಬಿಚ್ಚಿದ ಹಾಗೆಯೇ ಅದನ್ನೂ ತಿರುಗಿಸಿದರೆ ಇನ್ನಷ್ಟು ಬಿಗಿಯಾಗುತ್ತದೆ. ಮುನ್ನಾದಿನವೇ ಸಡಿಲ ಮಾಡಿಟ್ಟುಕೊಳ್ಳಿ.

ಹಾಗಾಗಿ ಮೊದಲು ಒಂದು ಹಳೇ ಸೈಕಲ್ ಕೊಳ್ಳಿ. ಅಲ್ಲಿ ಪ್ರತಿ ಬಡಾವಣೆಯಲ್ಲೂ ಸೈಕಲ್ ರಿಪೇರಿ ಅಂಗಡಿ ಇದೆ. ಅಂಗಡಿಯವರಿಗೆ ಫೀಟ್ಸನ್‌ಮಾಕರ್ ಅನ್ನುತ್ತಾರೆ. ಫೀಟ್ಸ್ ಅಂದರೆ ಸೈಕಲ್. ಹಳೆಯದನ್ನು ಅವರೇ ಸರಿಮಾಡಿ ಮಾರುತ್ತಾರೆ. ಬೀದಿಯಲ್ಲಿ ಯಾರಾದರೂ ತೀರಾ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರೆ ಅದು ಕದ್ದದ್ದೇ ಇರುತ್ತದೆ, ತೆಗೆದುಕೊಳ್ಳಬೇಡಿ. ಫ್ರೇಮಿನ ನಂಬರ್ ಹಾಕಿ ನೋಡಿದರೆ ಕಳುವಾದ ಸೈಕಲ್ ಹೌದೋ ಅಲ್ಲವೋ ಅಂತ ತೋರಿಸುವ ಸರ್ಕಾರಿ ಪಟ್ಟಿ ಆನ್‌ಲೈನಿನಲ್ಲಿದೆ.

ನಾನು ಕೊಂಡದ್ದು ಕಪ್ಪು ಬಣ್ಣದ, ನೆಟ್ಟಗೆ ಕೂತು ಹೊಡೆಯುವ ಸೈಕಲ್. 120 ಯೂರೊ. ಗೇರಿಲ್ಲ. ತೂಕ ಇಪ್ಪತ್ತು ಕಿಲೋ. ಚೈನಿಗೆ ಪೂರ್ತಿ ಮುಚ್ಚಳ, ಹಿಂದೆ ಗಟ್ಟಿ ಕ್ಯಾರಿಯರ್. ಹ್ಯಾಂಡಲ್ಲಿನಲ್ಲಿ ಬ್ರೇಕಿನ ಹಿಡಿಯೇ ಇಲ್ಲ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಬ್ರೇಕು ಬೀಳುತ್ತದೆ. ಇದನ್ನು ಕೇಳಿದರೆ ಸಣ್ಣ ವಿಷಯ ಅನ್ನಿಸುತ್ತದೆ, ಆದರೆ ನಮ್ಮ ಕಾಲಿಗೆ ಅದು ದೊಡ್ಡ ವಿಷಯ. ಸಿಗ್ನಲ್ಲಿನಲ್ಲಿ ನಿಂತಾಗ ಪೆಡಲನ್ನು ಹಿಂದಕ್ಕೆ ಅರ್ಧ ಸುತ್ತು ತಿರುಗಿಸಿ, ಹೊರಡಲು ಬೇಕಾದ ಕಾಲಿಗೆ ತಂದುಕೊಳ್ಳುತ್ತೇವೆ ಅಲ್ವಾ? ಅಲ್ಲಿ ಆಗುವುದಿಲ್ಲ. ನಿಲ್ಲುವ ಮೊದಲೇ ಪೆಡಲ್ ಎಲ್ಲಿರಬೇಕು ಅಂತ ಯೋಚಿಸಿ ನಿಲ್ಲಬೇಕು.

ನಾಲ್ಕನೇ ದಿನ ಕಾಲುವೆಯ ಮೇಲಿನ ಒಂದು ಸಣ್ಣ ಸೇತುವೆ ಇಳಿಯುತ್ತಿದ್ದೆ. ಕಲ್ಲು ಹಾಸಿದ ದಾರಿ, ಅದರ ಮೇಲೆ ನೆನೆದ ಎಲೆಗಳು. ಇಳಿಜಾರಿನಲ್ಲಿ ಕಾಲಿಗೆ ಸುಮ್ನೆ ಇರಲು ಗೊತ್ತಿಲ್ಲ, ಪೆಡಲನ್ನು ಹಿಂದಕ್ಕೆ ತಿರುಗಿಸಿತು. ಹಿಂದಿನ ಚಕ್ರ ಹಿಡಿದುಕೊಂಡಿತು, ಸೈಕಲ್ ಅಡ್ಡ ಜಾರಿತು. ಮೊಣಕಾಲು ಕಲ್ಲಿಗೆ ಬಡಿದು ಪ್ಯಾಂಟು ಹರಿಯಿತು. ಎದ್ದು ಕೂತಾಗ ಒಬ್ಬರು ಅಜ್ಜಿ ತಮ್ಮ ಸೈಕಲ್ಲನ್ನು ಬದಿಗೆ ನಿಲ್ಲಿಸಿ ಬಂದರು. ನನ್ನ ಕಾಲು ನೋಡಿದರು, ಮೂಳೆಗೆ ಏನೂ ಆಗಿಲ್ಲ ಅಂತ ಖಾತ್ರಿ ಮಾಡಿಕೊಂಡರು. ಆಮೇಲೆ ನನ್ನ ಸೈಕಲ್ ಎತ್ತಿ, ಮುಂದಿನ ಚಕ್ರವನ್ನು ಎರಡು ಮೊಣಕಾಲಿನ ನಡುವೆ ಹಿಡಿದು, ಸೊಟ್ಟಗಾಗಿದ್ದ ಹ್ಯಾಂಡಲ್ಲನ್ನು ಒಂದೇ ಸಲ ತಿರುಗಿಸಿ ನೇರ ಮಾಡಿದರು. ಹುಬ್ಬಳ್ಳಿ-ಧಾರವಾಡದ ಸೈಕಲ್ ಅಂಗಡಿಯಲ್ಲಿ ನೀವೆಲ್ಲ ನೋಡಿರುವ ಅದೇ ಪಟ್ಟು. ಅವರಿಗೆ ಎಪ್ಪತ್ತೆಂಟು ವರ್ಷ. ಮನೆ ನಮ್ಮ ಬೀದಿಯಲ್ಲೇ, ಎರಡು ಬಾಗಿಲು ಆಚೆ. ಆ ಊರಿನಲ್ಲಿ ನನಗೆ ಸೈಕಲ್ ಕಲಿಸಿದ್ದು ಈ ಅಜ್ಜಿ.

ಅವರು ಕಲಿಸಿದ್ದು ಏನು ಅಂದರೆ, ರಸ್ತೆ ಓದುವುದನ್ನು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮ ಪುಣೆಯ ಕರ್ವೆ ರಸ್ತೆಯಲ್ಲಿ ನಾವು ಹೇಗೆ ಸೈಕಲ್ ಹೊಡೆಯುತ್ತೇವೆ? ಮುಖ ನೋಡಿ. ಪಕ್ಕದ ಸ್ಕೂಟರಿನವನ ಭುಜ ಯಾವ ಕಡೆ ವಾಲುತ್ತಿದೆ, ರಿಕ್ಷಾದವನ ಮುಂದಿನ ಚಕ್ರ ಎಷ್ಟು ತಿರುಗಿದೆ, ಬಸ್ಸಿನವನು ನಮ್ಮನ್ನು ಕಂಡನೋ ಇಲ್ಲವೋ. ಕಣ್ಣಿಗೆ ಕಣ್ಣು ಸೇರಿದರೆ ಅರ್ಧ ಕೆಲಸ ಆಯಿತು. ಅದು ದೊಡ್ಡ ವಿದ್ಯೆ, ಹೊರಗಿನವರಿಗೆ ಬೇಗ ಬರುವುದಿಲ್ಲ. ಆದರೆ ಉಟ್ರೆಕ್ಟಿನಲ್ಲಿ ನಾನು ಪ್ರತಿ ತಿರುವಿನಲ್ಲೂ ಎದುರಿನವರ ಮುಖ ನೋಡುತ್ತಾ ನಿಧಾನ ಮಾಡುತ್ತಿದ್ದೆ, ಹಿಂದೆ ಬರುವವರಿಗೆ ಅದರಿಂದ ತೊಂದರೆಯಾಗುತ್ತಿತ್ತು. ಅಲ್ಲಿ ಮಾತಾಡುವುದು ನೆಲ. ರಸ್ತೆಯ ಮೇಲೆ ಅಡ್ಡಲಾಗಿ ಬಿಳಿ ತ್ರಿಕೋನಗಳನ್ನು ಬರೆದಿರುತ್ತಾರೆ. ಅವುಗಳ ಹೆಸರು ಹಾಯೆನ್‌ಟಾಂಡೆನ್, ಅಂದರೆ ಶಾರ್ಕ್ ಮೀನಿನ ಹಲ್ಲು. ಮೊನೆ ನಿಮ್ಮ ಕಡೆಗಿದ್ದರೆ ನೀವು ನಿಂತು ದಾರಿ ಬಿಡಬೇಕು. ಮೊನೆ ಆ ಕಡೆಯವರಿಗೆ ಇದ್ದರೆ ನೀವು ನಿಲ್ಲಬಾರದು, ಹೋಗಬೇಕು. ಹಲ್ಲೂ ಇಲ್ಲ, ಫಲಕವೂ ಇಲ್ಲ ಅಂದರೆ ಬಲಗಡೆಯಿಂದ ಬರುವವರದ್ದು ಮೊದಲು. ಆ ಬಲಗಡೆಯವರು ಸೈಕಲ್ಲಿನವರಾಗಿದ್ದರೂ ಸರಿ, ಕಾರಿನವರು ಕಾಯಬೇಕು. 2001ರಿಂದ ಇದು ಕಾನೂನು. ಗಾಡಿಗಳೆಲ್ಲ ಬಲಗಡೆ ಓಡುವ ದೇಶ ಅನ್ನುವುದನ್ನೂ ಇದರ ಜೊತೆ ಸೇರಿಸಿಕೊಳ್ಳಿ. ರಸ್ತೆ ದಾಟುವಾಗ ನಮ್ಮ ಕುತ್ತಿಗೆ ಮೊದಲು ಬಲಕ್ಕೆ ತಿರುಗುತ್ತದೆ. ಅಲ್ಲಿ ಮೊದಲು ಎಡಕ್ಕೆ ತಿರುಗಬೇಕು. ನನಗೆ ಇದೊಂದು ಸರಿಹೋಗಲು ಎರಡು ತಿಂಗಳು ಹಿಡಿಯಿತು.

ಇನ್ನು ತಿರುಗುವುದು. ಅಜ್ಜಿ ಹೇಳಿಕೊಟ್ಟದ್ದು ಹೀಗೆ: "ನೋಡು, ಕೈ ತೋರಿಸು, ಮತ್ತೆ ನೋಡು, ಆಮೇಲೆ ತಿರುಗು." ಶನಿವಾರ ಫ್ರೆಡೆನ್‌ಬರ್ಖ್ ಚೌಕದ ಸಂತೆಗೆ ಅವರ ಹಿಂದೆ ಹೋಗುತ್ತಿದ್ದೆ. ಎಡಕ್ಕೆ ತಿರುಗುವ ಮುಂಚೆ ಅವರು ಹ್ಯಾಂಡಲ್ ಒಂದಿಷ್ಟೂ ಅಲುಗದ ಹಾಗೆ ಗಲ್ಲವನ್ನು ಭುಜದ ತನಕ ತಂದು ಹಿಂದೆ ನೋಡುತ್ತಿದ್ದರು. ಮಾಡಿ ನೋಡಿ, ಕಷ್ಟ. ನಾವು ಹಿಂದೆ ತಿರುಗಿದ ಕೂಡಲೇ ಸೈಕಲ್ಲೂ ಅದೇ ಕಡೆ ಹೋಗುತ್ತದೆ. ನಾನು ಭಾನುವಾರ ಬೆಳಿಗ್ಗೆ ಖಾಲಿ ದಾರಿಯಲ್ಲಿ ಒಂದು ಬಿಳಿ ಗೆರೆಯ ಮೇಲೆ ಚಕ್ರ ಇಟ್ಟುಕೊಂಡು ಅಭ್ಯಾಸ ಮಾಡಿದೆ. ಅಲ್ಲಿನ ಮಕ್ಕಳು ಇದನ್ನು ಪ್ರಾಥಮಿಕ ಶಾಲೆಯಲ್ಲೇ ಕಲಿಯುತ್ತಾರೆ. ಹನ್ನೊಂದು-ಹನ್ನೆರಡು ವರ್ಷಕ್ಕೆ ಸೈಕಲ್ ಮೇಲೆ ರಸ್ತೆಯಲ್ಲೇ ಟ್ರಾಫಿಕ್ ಪರೀಕ್ಷೆ ಕೊಡುತ್ತಾರೆ.

ಎಲ್ಲಕ್ಕಿಂತ ಮುಖ್ಯ, ತಟ್ಟನೆ ನಿಲ್ಲಬೇಡಿ. ದಾರಿ ತಪ್ಪಿದರೆ, ಫೋನ್ ಬಂದರೆ, ಚಂದದ ಹಂಸ ಕಂಡರೆ, ಕೈ ತೋರಿಸಿ ಬಲಕ್ಕೆ ಬನ್ನಿ, ಸೈಕಲ್ ದಾರಿಯ ಕೆಂಪು ಡಾಂಬರಿನಿಂದ ಪೂರ್ತಿ ಹೊರಗೆ ಹೋಗಿ, ಆಮೇಲೆ ನಿಲ್ಲಿ. ಫೋನನ್ನು ಕೈಯಲ್ಲಿ ಹಿಡಿದು ಸೈಕಲ್ ಹೊಡೆಯುವುದು 2019ರ ಜುಲೈಯಿಂದ ಅಪರಾಧ. ಮ್ಯಾಪ್ ಬೇಕಾದರೆ ಹ್ಯಾಂಡಲ್ಲಿಗೆ ಸ್ಟ್ಯಾಂಡ್ ಹಾಕಿಸಿಕೊಳ್ಳಿ.

ದೀಪದ ವಿಷಯಕ್ಕೆ ಬಂದಾಗ ನನಗೆ ನಮ್ಮ ಅಜ್ಜ ನೆನಪಾಗುತ್ತಾರೆ. ಆ ಕಾಲದಲ್ಲಿ ಸೈಕಲ್ಲಿಗೆ ಮುನಿಸಿಪಾಲಿಟಿಯ ಬಿಲ್ಲೆ ಇರಬೇಕಿತ್ತು, ಕತ್ತಲಾದ ಮೇಲೆ ದೀಪ ಇರಬೇಕಿತ್ತು, ಇಲ್ಲದಿದ್ದರೆ ಪೊಲೀಸರು ಹಿಡಿಯುತ್ತಿದ್ದರು. ಡಬಲ್ ಹೋದರೂ ಹಿಡಿಯುತ್ತಿದ್ದರು. ಉಟ್ರೆಕ್ಟಿನಲ್ಲಿ ಡಬಲ್ ಹೋಗಲು ಅಡ್ಡಿಯಿಲ್ಲ. ಹುಡುಗ ಹುಡುಗಿಯರು ಕ್ಯಾರಿಯರ್ ಮೇಲೆ ಒಂದು ಬದಿಗೆ ಕಾಲು ಹಾಕಿ ಕೂತು ಹೋಗುವುದನ್ನು ನೋಡಿದಾಗ ನಮ್ಮೂರಿನ ಹಳೇ ಬೀದಿಯೇ ಕಣ್ಣಿಗೆ ಬಂತು. ಆದರೆ ದೀಪದ ನಿಯಮ ಮಾತ್ರ ಅಜ್ಜನ ಕಾಲದ ಹಾಗೇ ಬಿಗಿ. ಮುಂದೆ ಬಿಳಿ ಅಥವಾ ಹಳದಿ, ಹಿಂದೆ ಕೆಂಪು. ಮಿನುಗುವ ದೀಪ ನಡೆಯುವುದಿಲ್ಲ. ಇಲ್ಲಿ ನಾವೆಲ್ಲ ಹಾಕಿಕೊಳ್ಳುವುದು ಮಿನುಗುವ ದೀಪವನ್ನೇ, ಅದಕ್ಕೆ ಹೇಳಿದೆ. ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟೂವರೆಗೂ ಕತ್ತಲು, ಸಂಜೆ ನಾಲ್ಕೂವರೆಗೇ ಮತ್ತೆ ಕತ್ತಲು. ಆಫೀಸಿಗೆ ಹೋಗುವುದೂ ಬರುವುದೂ ದೀಪದಲ್ಲೇ.

ಬೀಗ ಎರಡು ಬೇಕು. ಹಿಂದಿನ ಚಕ್ರಕ್ಕೆ ಉಂಗುರದ ಬೀಗ, ಮತ್ತೆ ಕಂಬಕ್ಕೋ ಕಟಕಟೆಗೋ ಕಟ್ಟಲು ಸರಪಳಿ. ಬರೀ ಉಂಗುರದ ಬೀಗ ಹಾಕಿ ಹೋದರೆ ಸೈಕಲ್ಲನ್ನು ಎತ್ತಿಕೊಂಡೇ ಹೋಗುತ್ತಾರೆ. ನನ್ನ ಮೊದಲನೇ ಸೈಕಲ್ ಮೂರನೇ ವಾರ ಹೀಗೇ ಹೋಯಿತು. ಎರಡನೆಯದು ಅದರದೇ ಅಕ್ಕತಂಗಿಯ ಹಾಗಿತ್ತು, ಅದೇ ಅಂಗಡಿಯಿಂದ ತಂದದ್ದು. ಅದಕ್ಕೆ ಎರಡು ಬೀಗ, ಪ್ರತಿ ಬೀಗಕ್ಕೂ ಎರಡೆರಡು ಕೀಲಿ. ಒಂದು ಜೊತೆ ಅಜ್ಜಿಯ ಹತ್ತಿರ ಕೊಟ್ಟಿಟ್ಟೆ.

ನಾನು ಆಫೀಸಿಗೆ ಹೋಗಬೇಕಾಗಿದ್ದದ್ದು ಅಮರ್ಸ್‌ಫೋರ್ಟ್‌ಗೆ, ರೈಲಿನಲ್ಲಿ ಕಾಲು ಗಂಟೆ. ಮನೆಯಿಂದ ಸ್ಟೇಷನ್ನಿಗೆ ಸೈಕಲ್. ಉಟ್ರೆಕ್ಟ್ ಸ್ಟೇಷನ್ನಿನ ಕೆಳಗೆ 12,500 ಸೈಕಲ್ ನಿಲ್ಲಿಸುವ ಜಾಗ ಇದೆ. 2019ರಲ್ಲಿ ಪೂರ್ತಿಯಾಯಿತು, ಜಗತ್ತಿನಲ್ಲೇ ದೊಡ್ಡದು ಅಂತ ಹೆಸರು. ಮೊದಲ 24 ಗಂಟೆ ದುಡ್ಡಿಲ್ಲ. ಸೈಕಲ್ ಇಳಿಯಬೇಕಾಗಿಲ್ಲ, ಹೊಡೆದುಕೊಂಡೇ ಒಳಗೆ ಹೋಗಬಹುದು. ಯಾವ ಸಾಲಿನಲ್ಲಿ ಎಷ್ಟು ಜಾಗ ಖಾಲಿ ಅಂತ ಮೇಲೆ ಬೋರ್ಡು ತೋರಿಸುತ್ತದೆ. ಕೆಳಗಿನ ಸಾಲು ತುಂಬಿದ್ದರೆ ಮೇಲಿನ ಸಾಲು. ಅದಕ್ಕೆ ಒಂದು ಕಬ್ಬಿಣದ ಹಳಿಯನ್ನು ಎಳೆದು ಕೆಳಗೆ ಬಾಗಿಸಬೇಕು, ಮುಂದಿನ ಚಕ್ರವನ್ನು ಅದರಲ್ಲಿ ಕೂರಿಸಿ, ಹಿಂದಿನಿಂದ ಎತ್ತಿ ತಳ್ಳಬೇಕು. ಇಪ್ಪತ್ತು ಕಿಲೋ. ಮೊದಲ ದಿನ ನಾನು ತಡಕಾಡುತ್ತಿದ್ದಾಗ ಒಬ್ಬ ಕಾಲೇಜು ಹುಡುಗ ಏನೂ ಮಾತಾಡದೆ ಹಿಂದಿನ ಚಕ್ರಕ್ಕೆ ಕೈ ಕೊಟ್ಟು ತಳ್ಳಿ ತನ್ನ ದಾರಿ ಹಿಡಿದ. ಮೂರು ತಿಂಗಳ ಮೇಲೆ ಇನ್ಯಾರಿಗೋ ನಾನೂ ಹಾಗೆಯೇ ಮಾಡಿದೆ. ಆ ದಿನ ರೈಲಿನಲ್ಲಿ ಕೂತಾಗ ಈ ಊರಿನಲ್ಲಿ ನನಗೂ ಒಂದು ಜಾಗ ಆಯಿತು ಅನ್ನಿಸಿತು.

ಇಲ್ಲಿ ಯಾರೋ ಹಿಂದಿನಿಂದ ಹೇಳುತ್ತಿದ್ದಾರೆ, ಅವರ ದೇಶ ಮೊದಲಿನಿಂದ ಹಾಗೇ ಇತ್ತು, ನಮ್ಮದು ಹಾಗಲ್ಲ ಅಂತ. ಈ ಮಾತಿಗೆ ಉತ್ತರ ಕೊಡಲೇಬೇಕು. ಹಾಗಿರಲಿಲ್ಲ. 1950, 60ರ ದಶಕಗಳಲ್ಲಿ ಅಲ್ಲೂ ಕಾರು ಬಂದು ಸೈಕಲ್ ಮೂಲೆ ಸೇರಿತ್ತು. 1971ರಲ್ಲಿ ಆ ಪುಟ್ಟ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 3,300. ಅದರಲ್ಲಿ 400ಕ್ಕೂ ಜಾಸ್ತಿ ಮಕ್ಕಳು. ತಾಯಿ ತಂದೆಯರು ಬೀದಿಗೆ ಇಳಿದರು. "ಮಕ್ಕಳ ಕೊಲೆ ನಿಲ್ಲಿಸಿ" ಅನ್ನುವುದೇ ಆ ಚಳವಳಿಯ ಹೆಸರು. 1973ರ ನವೆಂಬರಿನಲ್ಲಿ ಪೆಟ್ರೋಲ್ ಅಭಾವ ಬಂದಾಗ ಸರ್ಕಾರ ಭಾನುವಾರ ಕಾರು ಓಡಿಸುವುದನ್ನು ನಿಲ್ಲಿಸಿತು. ಉಟ್ರೆಕ್ಟಿನ ನಮ್ಮ ಅಜ್ಜಿಗೆ ಆಗ ಇಪ್ಪತ್ತೊಂಬತ್ತು. ಮಗಳನ್ನು ಸೈಕಲ್ ಮೇಲೆ ಕೂರಿಸಿಕೊಂಡು ಹೆದ್ದಾರಿಯ ನಡುಮಧ್ಯದಲ್ಲಿ ಹೋದದ್ದನ್ನು ಅವರು ಇವತ್ತಿಗೂ ನಿನ್ನೆ ಆದದ್ದರ ಹಾಗೆ ಹೇಳುತ್ತಾರೆ. ಉಟ್ರೆಕ್ಟಿನ ಹಳೇ ಊರನ್ನು ಸುತ್ತುವ ಕಾಲುವೆಯ ಒಂದು ಭಾಗ ಬತ್ತಿಸಿ, ಕಾರಿಗೆ ಅಗಲದ ರಸ್ತೆ ಮಾಡಿದ್ದರು. ಆ ರಸ್ತೆಯನ್ನೇ ಅಗೆದು 2020ರಲ್ಲಿ ಮತ್ತೆ ನೀರು ಬಿಟ್ಟರು. ಈಗ ಅಲ್ಲಿ ದೋಣಿ ಹೋಗುತ್ತವೆ. ನಮ್ಮ ಪುಣೆಯೂ ಒಂದು ಕಾಲಕ್ಕೆ ಸೈಕಲ್ಲಿನ ಊರೇ. ಲಕ್ಷ್ಮೀ ರಸ್ತೆಯಲ್ಲಿ ಸೈಕಲ್ ಹೊಳೆಯ ಹಾಗೆ ಹರಿಯುತ್ತಿದ್ದದ್ದನ್ನು ನೋಡಿದ ಹಿರಿಯರು ಈ ಸಭೆಯಲ್ಲೇ ಇದ್ದಾರೆ. ಒಂದೇ ತಲೆಮಾರಿನಲ್ಲಿ ಹೋದದ್ದು ಒಂದೇ ತಲೆಮಾರಿನಲ್ಲಿ ಬರಬಹುದು ಅಂತ ನಾನು ಕಣ್ಣಾರೆ ನೋಡಿ ಬಂದಿದ್ದೇನೆ, ಅದಕ್ಕೇ ಇಷ್ಟು ಹೇಳಿದೆ.

ಗಾಳಿಯ ಬಗ್ಗೆ ಎರಡು ಮಾತು. ಸಿಂಹಗಡ ಸಮುದ್ರ ಮಟ್ಟದಿಂದ 1,312 ಮೀಟರ್. ಉಟ್ರೆಕ್ಟಿನ ಪಕ್ಕದ ಗುಡ್ಡಸಾಲಿನಲ್ಲಿ ಎಲ್ಲಕ್ಕಿಂತ ಎತ್ತರದ್ದು 69 ಮೀಟರ್. ಏರು ಹತ್ತಿದ ಕಾಲಿಗೆ ಅಲ್ಲಿ ಕೆಲಸವೇ ಇಲ್ಲ ಅನ್ನಿಸಬಹುದು. ಆದರೆ ಬಯಲಿನಲ್ಲಿ ಎದುರು ಗಾಳಿ ಬೀಸಿದರೆ ಅದೇ ಏರು. ಘಾಟಿಗೆ ಒಂದು ತುದಿ ಇರುತ್ತದೆ, ತಿರುವಿಗೊಮ್ಮೆ ಉಸಿರು ಸಿಗುತ್ತದೆ. ಎದುರು ಗಾಳಿಗೆ ತುದಿ ಇಲ್ಲ. ಹಾಗಾಗಿ ದೂರ ಹೋಗುವ ದಿನ ಮೊದಲರ್ಧ ಗಾಳಿಗೆ ಎದುರಾಗಿ ಹೋಗಿ, ಮನೆಗೆ ಬರುವಾಗ ಅದು ಬೆನ್ನಿಗಿರಲಿ. ಮಳೆಯೂ ಪುಣೆಯ ಜುಲೈ ಮಳೆಯ ಹಾಗಲ್ಲ. ಸಣ್ಣ ಹನಿ, ಅಡ್ಡ ಗಾಳಿ, ವರ್ಷವಿಡೀ. ಬಾಯೆನ್‌ರಾಡಾರ್ ಅನ್ನುವ ಆ್ಯಪ್ ಮುಂದಿನ ಎರಡು ಗಂಟೆಯ ಮಳೆಯನ್ನು ತೋರಿಸುತ್ತದೆ. ಎಲ್ಲರೂ ಅದನ್ನು ನೋಡಿಯೇ ಹೊರಡುತ್ತಾರೆ. ಒಳ್ಳೆಯ ರೇನ್ ಪ್ಯಾಂಟಿಗೆ ದುಡ್ಡು ಹಾಕಿ, ಛತ್ರಿ ಮನೆಯಲ್ಲೇ ಇರಲಿ.

ಹೆಲ್ಮೆಟ್ ಹಾಕಬೇಕಾ ಅಂತ ಆಗಲೇ ಒಬ್ಬರು ಕೇಳಿದರು. ಮಾಮೂಲಿ ಸೈಕಲ್ಲಿಗೆ ಅಲ್ಲಿ ಕಾನೂನು ಇಲ್ಲ, ಹಾಕುವವರೂ ಕಡಿಮೆ. ನಾನು ಹಾಕಿಕೊಂಡೇ ಹೋದೆ. ನಿಮ್ಮ ಮಕ್ಕಳಿಗೂ ಹಾಕಿಕೊಳ್ಳಲು ಹೇಳಿ.

ಇನ್ನು ನಮ್ಮ ಹುಚ್ಚಿನ ಮಾತು. ಎರಡನೇ ವರ್ಷ ರೋಡ್ ಬೈಕ್ ಬಂತು ಅಂದೆನಲ್ಲ, ಆ ಹೊತ್ತಿಗೆ ನನಗೆ ದಾರಿ ಓದುವುದು ಬಂದಿತ್ತು. ಅಲ್ಲಿ ಊರೂರನ್ನು ಸೇರಿಸುವ ಸೈಕಲ್ ದಾರಿಗಳಿಗೆ ಕೂಡುವ ಜಾಗದಲ್ಲೆಲ್ಲ ನಂಬರ್ ಕೊಟ್ಟಿದ್ದಾರೆ. ಬೆಲ್ಜಿಯಂನ ಲಿಂಬರ್ಗ್‌ನಲ್ಲಿ 1995ರಲ್ಲಿ ಶುರುವಾದ ಪದ್ಧತಿ. ಗಣಿ ಸುರಂಗದೊಳಗೆ ದಾರಿಗಳಿಗೆ ನಂಬರ್ ಹಾಕುತ್ತಿದ್ದದ್ದೇ ಅದಕ್ಕೆ ಮೂಲ. ಹಿಂದಿನ ರಾತ್ರಿ ಹೋಗುವ ದಾರಿಯ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್ಲಿಗೆ ಅಂಟಿಸಿಕೊಂಡರೆ ಮುಗಿಯಿತು, ಮರುದಿನ ಫೋನ್ ತೆಗೆಯದೆ ನೂರು ಕಿಲೋಮೀಟರ್ ಹೋಗಬಹುದು.

ಆ ವರ್ಷ ಅಲ್ಲಿ ಒಂದು 200ರ ಬ್ರೆವೆಗೆ ಹೆಸರು ಕೊಟ್ಟೆ. ಬ್ರೆವೆಯ ನಿಯಮ ಜಗತ್ತಿನಲ್ಲೆಲ್ಲ ಒಂದೇ. 200 ಕಿಲೋಮೀಟರ್, 13 ಗಂಟೆ 30 ನಿಮಿಷ, ಕಾರ್ಡಿನ ಮೇಲೆ ಠಸ್ಸೆ. ಸಾತಾರಾ ರಸ್ತೆಯ ಚಹಾದಂಗಡಿಯಲ್ಲಿ ಠಸ್ಸೆ ಹಾಕಿಸಿಕೊಂಡವಳು ಅಲ್ಲಿ ಒಂದು ಬೇಕರಿಯಲ್ಲಿ ಹಾಕಿಸಿಕೊಂಡೆ. ಎದುರು ಗಾಳಿಯಲ್ಲಿ ಐದು ಜನ ಒಬ್ಬರ ಹಿಂದೆ ಒಬ್ಬರು ಸಾಲು ಹಿಡಿದು ಸರದಿ ಮೇಲೆ ಮುಂದೆ ಬರುತ್ತಿದ್ದೆವು. ನನ್ನ ಸರದಿ ಮುಗಿದು ಹಿಂದಕ್ಕೆ ಸರಿಯುವಾಗ ಗಲ್ಲ ಭುಜಕ್ಕೆ ತಂದು ನೋಡಿದೆ, ಕೈ ತೋರಿಸಿದೆ, ಮತ್ತೆ ನೋಡಿದೆ. ಪಕ್ಕದಲ್ಲಿದ್ದವರು ಎಷ್ಟು ವರ್ಷದಿಂದ ಇಲ್ಲಿದ್ದೀರಿ ಅಂತ ಕೇಳಿದರು. ಒಂದೂವರೆ ಅಂದೆ. ಆ ಐವರಲ್ಲಿ ಮೂವರು ಆಮೇಲೆ ನನ್ನ ಭಾನುವಾರದ ಜೊತೆಗಾರರಾದರು. ನಾನು ಮಾಡಿಕೊಂಡು ಹೋದ ಶೇಂಗಾ ಹೋಳಿಗೆ ಅವರಿಗೆ ಎಷ್ಟು ಹಿಡಿಸಿತು ಅಂದರೆ, ಜೇಬಿನಲ್ಲಿ ಮುದುರದೆ ಇರುತ್ತದೆ, ಹೊಟ್ಟೆಗೂ ಹಗುರ ಅಂತ ಪ್ರತಿ ಸಲ ಕೇಳಿ ಮಾಡಿಸಿಕೊಳ್ಳುತ್ತಿದ್ದರು.

ಹೋದ ತಿಂಗಳು ವಾಪಸು ಬರುವಾಗ ರೋಡ್ ಬೈಕ್ ತಂದೆ. ಆ ಕಪ್ಪು ಸೈಕಲ್ಲನ್ನು ಮಾರಲು ಮನಸ್ಸಾಗಲಿಲ್ಲ. ಅಜ್ಜಿಯ ಹಿತ್ತಲಿನ ಶೆಡ್ಡಿನಲ್ಲಿ ನಿಲ್ಲಿಸಿ ಬಂದಿದ್ದೇನೆ. ತಿಂಗಳಿಗೊಮ್ಮೆ ಗಾಳಿ ಹೊಡೆದಿಡುತ್ತೇನೆ ಅಂದಿದ್ದಾರೆ. ಒಂದು ಜೊತೆ ಕೀಲಿ ಅವರ ಹತ್ತಿರ ಇದೆ, ಇನ್ನೊಂದು ಜೊತೆ ಇಲ್ಲಿ ನನ್ನ ಚೀಲದಲ್ಲಿದೆ. ನಿಮ್ಮಲ್ಲಿ ಯಾರಾದರೂ, ಇಲ್ಲವೇ ನಿಮ್ಮ ಮಕ್ಕಳು ಆ ಊರಿಗೆ ಹೊರಟಿದ್ದರೆ ಚಹಾ ಕುಡಿಯುವಾಗ ಸಿಗಿ, ಕೊಡುತ್ತೇನೆ. ಸೀಟು ಸ್ವಲ್ಪ ಎತ್ತರ ಇದೆ, ಇಳಿಸಿಕೊಳ್ಳಬೇಕಾಗಬಹುದು. ಹದಿಮೂರನೇ ನಂಬರ್ ಪಾನಾ ಶೆಡ್ಡಿನ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದ್ದೇನೆ.